ಸೈಡ್‌ವಿಂಗ್‌ನಲ್ಲಿ ನಿಂತು ನೋಡಿದ ನಮ್ಮ ಸ್ಕೂಲ್ ನಾಟಕ

ನಾನು ಕೇಳಿದ್ದು ಮೊಮ್ಮಗಳ ಪಾರ್ಟು. ಹತ್ತನೇ ಕ್ಲಾಸಲ್ಲಿದ್ದೆ ಆಗ. ಆಡಿಷನ್‌ಗೆ ಅಂತ ಮೂರು ರಾತ್ರಿ ಕೂತು ಆ ಸೀನ್ ಪೂರ್ತಿ ಬಾಯಿಪಾಠ ಮಾಡ್ಕೊಂಡು ಹೋಗಿದ್ದೆ, ನನ್ನ ಡೈಲಾಗ್ ಅಷ್ಟೇ ಅಲ್ಲ, ಎದುರಿಗಿರೋ ಅಜ್ಜಂದು, ಅಪ್ಪಂದು, ಒಂದೇ ಒಂದ್ಸಲ ಬಂದು ಹೋಗೋ ಪಕ್ಕದ ಮನೆಯವರದ್ದೂ ಸೇರಿ ಎಲ್ಲಾ ಬಾಯಿಗೆ ಬಂದ್ಬಿಟ್ಟಿತ್ತು. ಆಡಿಷನ್‌ನಲ್ಲಿ ಎದುರಿಗಿದ್ದವನು ತಡವರಿಸಿದಾಗ ನಾನೇ ಅವನ ಮಾತು ಹೇಳ್ಕೊಟ್ಟೆ. ಮೇಡಂ ಏನೋ ಬರ್ಕೊಂಡ್ರು. ಮಾರನೇ ದಿನ ಲಿಸ್ಟ್ ಹಾಕಿದಾಗ ಮೊಮ್ಮಗಳ ಎದುರಿಗೆ ಬೇರೆಯವಳ ಹೆಸರಿತ್ತು, ನನ್ನ ಹೆಸರು ತೀರಾ ಕೆಳಗೆ, ಪ್ರಾಂಪ್ಟಿಂಗ್ ಅಂತ, ಅಂದ್ರೆ ಸ್ಟೇಜ್ ಮೇಲೆ ಯಾರಾದ್ರೂ ಮಾತು ಮರೆತ್ರೆ ಮರೆಯಲ್ಲಿ ನಿಂತು ಹೇಳ್ಕೊಡೋ ಕೆಲಸ. "ಎಲ್ಲರ ಮಾತೂ ನಿನಗೆ ಬರುತ್ತಲ್ಲಮ್ಮ, ಇದನ್ನ ನೀನಲ್ಲದೆ ಇನ್ಯಾರು ಮಾಡ್ತಾರೆ" ಅಂದ್ರು ಮೇಡಂ. ನಾನು ತಲೆ ಅಲ್ಲಾಡಿಸಿ ಮನೆಗೆ ಹೋಗಿ ಅತ್ತೆ.

ಮೊದಲು ನಾಟಕದ ಬಗ್ಗೆ ಹೇಳ್ಬೇಕು, ಇಲ್ಲಾಂದ್ರೆ ಮುಂದಿನದ್ದು ಅರ್ಥ ಆಗಲ್ಲ. ನಾಟಕ ನಾವೇ ಬರೆದಿದ್ದು, ಮೇಡಂ ಕೂತು ತಿದ್ದಿಸಿದ್ದು. ಗಡಿಯಾರ ರಿಪೇರಿ ಮಾಡ್ಕೊಂಡು ಬದುಕಿದ ಒಬ್ಬ ಅಜ್ಜನಿಗೆ ಮರೆವು ಶುರುವಾಗುತ್ತೆ, ಅವನ ಕಥೆಗಳನ್ನೆಲ್ಲ ಮೊಮ್ಮಗಳು ಬರ್ಕೊಳ್ಳೋಕೆ ಹೊರಡ್ತಾಳೆ, ಅಷ್ಟೇ ಕಥೆ. ಮೊದಲ ಡ್ರಾಫ್ಟ್‌ನಲ್ಲಿ ಅಜ್ಜ ಎಲ್ಲಾನೂ ಮರೀತಿದ್ದ, ಚಪ್ಪಲಿ ಎಲ್ಲಿಟ್ಟೆ ಅಂತ ಹುಡುಕೋದು, ಕನ್ನಡಕ ತಲೆ ಮೇಲಿಟ್ಕೊಂಡು ಕೇಳೋದು, ನಗಿಸೋಕೆ ಅಂತ ಬರೆದಿದ್ದು. ಅದನ್ನ ಓದಿದ ಬಯಾಲಜಿ ಸರ್ ಒಂದು ದಿನ ನಮ್ಮ ಜೊತೆ ಬಂದು ಕೂತ್ರು. ಜರ್ಮನಿಯ ಡಾಕ್ಟರ್ ಅಲೋಯಿಸ್ ಆಲ್ಝೈಮರ್ 1906ರಲ್ಲಿ ಈ ಕಾಯಿಲೆ ಬಗ್ಗೆ ಮೊದಲ ಸಲ ವೈದ್ಯರ ಸಭೆಯಲ್ಲಿ ಹೇಳಿದ್ದು, ಇದರಲ್ಲಿ ಸಾಮಾನ್ಯವಾಗಿ ಹೊಸ ನೆನಪು ಮೊದಲು ಹೋಗೋದು, ಬೆಳಿಗ್ಗೆ ಏನಾಯ್ತು ಅನ್ನೋದು ಗೊತ್ತಿರಲ್ಲ ಆದ್ರೆ ಚಿಕ್ಕಂದಿನ ವಿಷಯ ಕಣ್ಣಿಗೆ ಕಟ್ಟಿದ ಹಾಗೆ ಹೇಳ್ತಾರೆ, ಇನ್ನು ಕೈಗೆ ಅಭ್ಯಾಸ ಆಗಿರೋ ಕೆಲಸ ಹೆಸರು ಮುಖಗಳಿಗಿಂತ ಎಷ್ಟೋ ಕಾಲ ಹೆಚ್ಚು ಉಳಿಯುತ್ತೆ, ಇದೆಲ್ಲ ಅವರು ಹೇಳಿದ್ದು. ಆಮೇಲೆ ನಗಿಸೋ ಸೀನ್‌ಗಳನ್ನ ನಾವೇ ಹೊಡೆದು ಹಾಕಿದ್ವಿ, ಯಾರೂ ಹೇಳ್ಬೇಕಾಗಲಿಲ್ಲ. ಹೊಸ ಡ್ರಾಫ್ಟ್‌ನಲ್ಲಿ ಅಜ್ಜನಿಗೆ ಮೊಮ್ಮಗಳ ಹೆಸರು ಮರೆತುಹೋಗುತ್ತೆ, ಆದ್ರೆ ಕೈಗೆ ಗಡಿಯಾರದ ಕೀ ಕೊಟ್ರೆ ಬೆರಳು ತಾನಾಗೇ ತಿರುಗಿಸೋಕೆ ಶುರು ಮಾಡುತ್ತೆ.

ಈ ಅಜ್ಜನ ಮಾತಿನ ಮಧ್ಯೆ ಹನ್ನೊಂದು ಕಡೆ ಮೌನ ಇತ್ತು. ಸ್ಕ್ರಿಪ್ಟ್‌ನಲ್ಲೇ ಬರೆದಿದ್ದು. ಮಾತಾಡ್ತಾ ಮಾತಾಡ್ತಾ ಅಜ್ಜ ನಿಂತ್ಬಿಡ್ತಾನೆ, ಪದ ಸಿಗಲ್ಲ. ಈಗ ಪ್ರಾಂಪ್ಟಿಂಗ್ ಮಾಡೋರ ಕಷ್ಟ ಯೋಚ್ನೆ ಮಾಡಿ. ಸ್ಟೇಜ್ ಮೇಲೆ ಒಬ್ಬ ಸುಮ್ಮನಾದ. ಮರೆತಿದ್ದು ಅಜ್ಜನಾ, ಅಥವಾ ಅಜ್ಜನ ಪಾರ್ಟ್ ಮಾಡ್ತಿರೋ ಒಂಬತ್ತನೇ ಕ್ಲಾಸ್ ಹುಡುಗನಾ?

ಮೊದಲ ಎರಡು ವಾರ ಯಾರೂ ಎದ್ದು ನಿಲ್ಲಲೇ ಇಲ್ಲ, ಬರೀ ಓದು. ನಾವು ಹದಿನಾಲ್ಕು ಜನ ಬೆಂಚುಗಳನ್ನ ಚೌಕಾಕಾರ ಜೋಡಿಸ್ಕೊಂಡು ಕೂತು ಓದ್ತಿದ್ವಿ, ನಿಲ್ಲಿಸ್ತಿದ್ವಿ, ಜಗಳ ಆಡ್ತಿದ್ವಿ. ಬೋರ್ ಆಗುತ್ತೆ ಮೇಡಂ, ಸ್ಟೇಜ್‌ಗೆ ಹೋಗೋಣ ಅಂತ ಗೋಗರೆದಾಗ ಅವರು ರಷ್ಯಾದ ನಾಟಕ ನಿರ್ದೇಶಕ ಸ್ತಾನಿಸ್ಲಾವ್‌ಸ್ಕಿ ವಿಷಯ ಹೇಳಿದ್ರು, 1898ರಲ್ಲಿ ಶುರುವಾದ ಮಾಸ್ಕೋ ಆರ್ಟ್ ಥಿಯೇಟರ್‌ನಲ್ಲಿ ಆತ ನಟರನ್ನ ಮೇಜಿನ ಸುತ್ತ ಕೂರಿಸಿ ದಿನಗಟ್ಟಲೆ ನಾಟಕ ಓದಿಸ್ತಿದ್ದ, ಒಂದೊಂದು ಪಾತ್ರಕ್ಕೂ 'ನಾನೇ ಆ ಜಾಗದಲ್ಲಿದ್ದಿದ್ರೆ ಏನ್ ಮಾಡ್ತಿದ್ದೆ' ಅಂತ ಕೇಳ್ಕೋಬೇಕು ಅಂತಿದ್ದ ಅಂತ. ಆಮೇಲೆ ನಮಗೂ ಅದೇ ಪ್ರಶ್ನೆ ಹಾಕಿದ್ರು. ಅಪ್ಪನ ಪಾರ್ಟ್ ಮಾಡೋನು ಶುರುವಿನಲ್ಲಿ ಬರೀ ಕಿರುಚಾಡ್ತಿದ್ದ, ಸಿಟ್ಟಿನ ಮನುಷ್ಯ ಅಂತ ತಲೇಲಿ ಕೂತಿತ್ತು. ಮೇಡಂ ಕೇಳಿದ್ರು, ನಿಮ್ಮಪ್ಪನಿಗೆ ನಿನ್ನ ಗುರುತು ಸಿಗದೇ ಹೋದ್ರೆ ನಿನಗೆ ಮೊದಲು ಬರೋದು ಸಿಟ್ಟೋ ಭಯಾನೋ? ಅವನು ಏನೂ ಹೇಳಲಿಲ್ಲ. ಮಾರನೇ ದಿನ ಅದೇ ಡೈಲಾಗ್ ಅರ್ಧ ವಾಲ್ಯೂಮಲ್ಲಿ ಹೇಳಿದ, ನಮಗೆಲ್ಲ ಕೂತಲ್ಲೇ ಮೈ ಜುಂ ಅಂತು.

ಆ ಎರಡು ವಾರ ನಾನು ಮೂಲೆಯಲ್ಲಿ ಕೂತು ಪ್ರಾಂಪ್ಟ್ ಬುಕ್ ರೆಡಿ ಮಾಡಿದೆ. ಇದು ಬರೀ ಸ್ಕ್ರಿಪ್ಟ್ ಅಲ್ಲ, ಒಂದು ಪೇಜಲ್ಲಿ ಮಾತು, ಎದುರಿನ ಪೇಜ್ ಖಾಲಿ, ಆ ಖಾಲಿ ಪೇಜಲ್ಲಿ ಯಾರು ಯಾವ ಕಡೆಯಿಂದ ಬರ್ತಾರೆ, ಯಾವ ಮಾತಿಗೆ ಏಳ್ತಾರೆ, ಲೈಟ್ ಯಾವಾಗ ಬದಲಾಗುತ್ತೆ, ಸೌಂಡ್ ಯಾವಾಗ ಅನ್ನೋದೆಲ್ಲ ಬರೀಬೇಕು. ಪೆನ್ಸಿಲ್‌ನಲ್ಲೇ ಬರೀಬೇಕು, ಯಾಕಂದ್ರೆ ದಿನಾ ಬದಲಾಗುತ್ತೆ. ಬರ್ತಾ ಬರ್ತಾ ಎದುರಿನ ಪೇಜ್‌ಗಳೆಲ್ಲ ಅಳಿಸಿ ಅಳಿಸಿ ಬೂದಿ ಬಣ್ಣಕ್ಕೆ ತಿರುಗಿದ್ವು. ಹನ್ನೊಂದು ಮೌನಕ್ಕೂ ಮಾರ್ಜಿನ್‌ನಲ್ಲಿ ಒಂದೊಂದು ಅಡ್ಡಗೆರೆ ಎಳೆದಿದ್ದೆ, ದೊಡ್ಡ ಮೌನಕ್ಕೆ ಉದ್ದ ಗೆರೆ, ಸಣ್ಣದಕ್ಕೆ ಗಿಡ್ಡ ಗೆರೆ.

ಮೂರನೇ ವಾರ ಸ್ಟೇಜ್ ಮೇಲೆ ಹೋದ್ವಿ. ನೆಲದ ಮೇಲೆ ಟೇಪ್ ಅಂಟಿಸಿ ಕುರ್ಚಿ ಎಲ್ಲಿ, ಮೇಜೆಲ್ಲಿ, ಬಾಗಿಲೆಲ್ಲಿ ಅಂತ ಗುರುತು ಮಾಡಿದ್ವಿ. ಅಪ್‌ಸ್ಟೇಜ್ ಅಂದ್ರೆ ಹಿಂದೆ, ಡೌನ್‌ಸ್ಟೇಜ್ ಅಂದ್ರೆ ಪ್ರೇಕ್ಷಕರ ಕಡೆ. ನೆಲ ಸಮತಟ್ಟಾಗೇ ಇದ್ಯಲ್ಲ ಮೇಲೆ ಕೆಳಗೆ ಯಾಕೆ ಅಂತ ಕೇಳಿದ್ದಕ್ಕೆ, ಹಿಂದೆ ಯುರೋಪಿನ ರಂಗಮಂದಿರಗಳಲ್ಲಿ ಸ್ಟೇಜೇ ಇಳಿಜಾರಾಗಿರ್ತಿತ್ತಂತೆ, ಹಿಂದಕ್ಕೆ ಹೋಗೋದು ಅಂದ್ರೆ ನಿಜವಾಗ್ಲೂ ಮೇಲಕ್ಕೆ ಹತ್ತೋದೇ. ನನ್ನ ಜಾಗ ಎಡಗಡೆ ಸೈಡ್‌ವಿಂಗ್, ಅಂದ್ರೆ ಸ್ಟೇಜಿನ ಪಕ್ಕದಲ್ಲಿ ಪ್ರೇಕ್ಷಕರಿಗೆ ಕಾಣದ ಜಾಗ. ಎಡಗಡೆ ಅಂದ್ರೆ ನಟರು ಪ್ರೇಕ್ಷಕರ ಕಡೆ ಮುಖ ಮಾಡಿ ನಿಂತಾಗ ಅವರ ಎಡಕ್ಕೆ. ಪ್ರಾಂಪ್ಟರ್‌ಗೆ ಇಂಗ್ಲೆಂಡಿನ ಥಿಯೇಟರ್‌ಗಳಲ್ಲಿ ಹಿಂದಿನಿಂದ ಇರೋ ಜಾಗವೂ ಸಾಮಾನ್ಯವಾಗಿ ಅದೇ ಕಡೆ ಅಂತ ಗೊತ್ತಾದಾಗ ಖುಷಿಯಾಯ್ತು.

ಓಡಾಡೋಕೆ ಶುರು ಮಾಡಿದ ಮೇಲೆ ಒಂದು ವಿಚಿತ್ರ ನೋಡಿದೆ. ಕೂತು ಓದುವಾಗ ಎಷ್ಟು ಸಲ ಹೇಳಿದ್ರೂ ನಿಲ್ಲದೇ ಇದ್ದ ಡೈಲಾಗ್‌ಗಳು, ಬಟ್ಟೆ ಮಡಚ್ತಾ, ಬಾಗಿಲು ತೆಗೀತಾ ಹೇಳೋಕೆ ಹತ್ತಿದ ಮೇಲೆ ಎರಡೇ ದಿನಕ್ಕೆ ಕೂತ್ಬಿಟ್ವು. ಮೊಮ್ಮಗಳ ಪಾರ್ಟಿನವಳಿಗಂತೂ ಕೈಯಲ್ಲಿ ನೋಟ್‌ಬುಕ್ ಇಲ್ಲಾಂದ್ರೆ ಮೂರನೇ ಸೀನ್ ಶುರುವೇ ಆಗ್ತಿರಲಿಲ್ಲ. ನಟರ ನೆನಪಿನ ಶಕ್ತಿ ಬಗ್ಗೆ ಹೆಲ್ಗಾ ನೋಯ್ಸ್, ಟೋನಿ ನೋಯ್ಸ್ ಅನ್ನೋ ಇಬ್ಬರು ವರ್ಷಗಟ್ಟಲೆ ಸಂಶೋಧನೆ ಮಾಡಿದ್ದಾರೆ, ಓಡಾಟದ ಜೊತೆ ಕಲಿತ ಮಾತು ಹೆಚ್ಚು ಚೆನ್ನಾಗಿ ನೆನಪಿರುತ್ತೆ ಅನ್ನೋದು ಅವರು ಕಂಡುಕೊಂಡಿದ್ದು, ಇದನ್ನ ನಾನು ಓದಿದ್ದು ಎಷ್ಟೋ ವರ್ಷ ಆದ್ಮೇಲೆ. ಓದಿದ ತಕ್ಷಣ ನೆನಪಾಗಿದ್ದು ಆ ಗಡಿಯಾರದ ಕೀ. ಅದಕ್ಕೆ ಬರ್ತೀನಿ.

ಪ್ರಾಂಪ್ಟಿಂಗ್ ಅಂದ್ರೆ ಪಿಸುಗುಟ್ಟೋದು ಅಂದ್ಕೊಂಡಿದ್ದೆ. ಮೊದಲ ಸಲ ಪಿಸುಗುಟ್ಟಿದಾಗ ಹಾಲ್‌ನ ಕೊನೇ ಸಾಲಲ್ಲಿ ಕೂತಿದ್ದ ಮೇಡಂ ಕೈ ಎತ್ತಿದ್ರು, ನಿನ್ನ 'ಸ' ಇಲ್ಲೀವರೆಗೂ ಬಂತು, ಆದ್ರೆ ಪದ ಏನು ಅಂತ ಗೊತ್ತಾಗಲಿಲ್ಲ ಅಂದ್ರು. ಉಸಿರಲ್ಲಿ ಹೇಳಿದ್ರೆ ಸ, ಶ ಥರದ ಅಕ್ಷರ ಹಾವು ಬುಸುಗುಟ್ಟಿದ ಹಾಗೆ ದೂರ ಹೋಗುತ್ತೆ, ಹತ್ತಿರದಲ್ಲಿರೋ ನಟನಿಗೆ ಮಾತ್ರ ಏನೂ ಅರ್ಥ ಆಗಲ್ಲ. ಅದರ ಬದಲು ಗಂಟಲಿನ ಸ್ವರದಲ್ಲೇ, ತಗ್ಗಿಸಿ, ಚಪ್ಪಟೆಯಾಗಿ, ಯಾವ ಭಾವನೆನೂ ಹಾಕದೆ ಹೇಳ್ಬೇಕು. ಇದು ಬರೋಕೆ ನನಗೆ ಒಂದು ವಾರ ಹಿಡೀತು, ಮನೇಲಿ ಬಾಗಿಲ ಹಿಂದೆ ನಿಂತು ತಮ್ಮನಿಗೆ ಕೇಳಿಸ್ತಾ ಕೇಳಿಸ್ತಾ ಕಲಿತೆ.

ಯಾವ ಪದ ಕೊಡ್ಬೇಕು ಅನ್ನೋದು ಇನ್ನೊಂದು ಪಾಠ. ಮೊದಲ ಪದ ಕೊಟ್ರೆ ಸಾಕು ಅಂತ ನಾನು ಅಂದ್ಕೊಂಡಿದ್ದೆ. ಅಪ್ಪನ ಪಾರ್ಟಿನಲ್ಲಿ ನಾಲ್ಕು ಡೈಲಾಗು "ನಿಂಗೇನ್ ಗೊತ್ತು" ಅಂತಾನೇ ಶುರುವಾಗ್ತಿದ್ವು. ಒಂದು ದಿನ ಅವನು ನಿಂತ, ನಾನು "ನಿಂಗೇನ್ ಗೊತ್ತು" ಅಂದೆ, ಅವನು ಹಿಡ್ಕೊಂಡು ಹೊರಟ, ಹೊರಟಿದ್ದು ಒಂಬತ್ತನೇ ಪೇಜಿಂದ ಸೀದಾ ಇಪ್ಪತ್ತೊಂದಕ್ಕೆ. ಮಧ್ಯದ ಒಂದು ಸೀನ್ ಪೂರ್ತಿ ಮಾಯ, ಎಂಟ್ರಿಗೆ ಕಾಯ್ತಿದ್ದ ಮೂರು ಜನ ವಿಂಗ್‌ನಲ್ಲೇ ಬಾಯಿ ಬಿಟ್ಕೊಂಡು ನಿಂತಿದ್ರು. ಅವತ್ತಿಂದ ಬುಕ್‌ನಲ್ಲಿ ಒಂದೊಂದು ಡೈಲಾಗ್‌ಗೂ ಬೇರೆ ಎಲ್ಲೂ ಬರದೇ ಇರೋ ಪದ ಯಾವುದು ಅಂತ ಹುಡುಕಿ ಸುತ್ತು ಹಾಕಿದೆ. ಆ ಕೆಲಸ ಮಾಡುವಾಗ ನಾಟಕ ನನಗೆ ಬೇರೆ ಥರ ಕಾಣ್ತು, ಯಾರು ಯಾವ ಪದ ಮತ್ತೆ ಮತ್ತೆ ಹೇಳ್ತಾರೆ, ಯಾವ ಪದ ಒಂದೇ ಸಲ ಬಂದು ಹೋಗುತ್ತೆ ಅಂತೆಲ್ಲ. 'ನಿಲ್ಲಿಸಬಾರದು' ಅನ್ನೋ ಪದ ಇಡೀ ನಾಟಕದಲ್ಲಿ ಒಂದೇ ಸಲ ಇತ್ತು, ಅಜ್ಜನ ಬಾಯಲ್ಲಿ.

ಇನ್ನು ಆ ಮೌನಗಳು. ನಾಲ್ಕನೇ ವಾರ ಒಂದು ದಿನ ಏಳನೇ ಮೌನ ಬಂತು, ಅಜ್ಜ ಮೊಮ್ಮಗಳ ಮುಖ ನೋಡ್ತಾ ಹೆಸರಿಗೆ ತಡಕಾಡೋ ಜಾಗ. ಅವನು ದಿನಾ ನಿಲ್ಲಿಸೋದಕ್ಕಿಂತ ಜಾಸ್ತಿ ಹೊತ್ತು ನಿಲ್ಲಿಸಿದ. ನನಗೆ ಗಾಬರಿ ಆಗಿ ಪದ ಕೊಟ್ಬಿಟ್ಟೆ. ಅವನು ತಿರುಗಿ ನನ್ನ ಕಡೆ ನೋಡಿದ, ಕಣ್ಣಲ್ಲಿ ನೀರಿತ್ತು, ನಟನೆಯ ನೀರೇ, ಆದ್ರೆ ನಿಜವಾಗ್ಲೂ ಬಂದಿತ್ತು. "ನನಗೆ ಗೊತ್ತಿತ್ತು ಕಣೇ, ಬರ್ತಿತ್ತು, ಯಾಕ್ ಹೇಳ್ದೆ?" ಅಂದ. ರಿಹರ್ಸಲ್ ನಿಂತುಹೋಯ್ತು. ಅಲ್ಲೀವರೆಗೆ ಅವನು ಅಷ್ಟು ಚೆನ್ನಾಗಿ ಮಾಡಿದ್ದು ಅದೇ ಮೊದಲು, ಅದನ್ನ ಕೆಡಿಸಿದ್ದು ನಾನು. ಎರಡು ದಿನ ಅವನು ನನ್ನ ಜೊತೆ ಮಾತು ಬಿಟ್ಟ.

ಮೂರನೇ ದಿನ ನಾನೇ ಹೋಗಿ ಕೇಳಿದೆ, ನಿಂಗೆ ನೆನಪಿದ್ಯೋ ಇಲ್ವೋ ಅಂತ ನನಗೆ ಹೇಗೆ ಗೊತ್ತಾಗ್ಬೇಕು, ನೀನೇ ಹೇಳು. ಇಬ್ಬರೂ ಕೂತು ಒಂದು ಗುರುತು ಮಾಡ್ಕೊಂಡ್ವಿ. ಅಜ್ಜನ ಎಡಗೈಯಲ್ಲಿ ಊರುಗೋಲು ಇರುತ್ತಲ್ಲ, ಮೌನ ಬೇಕಂತಲೇ ಆದ್ರೆ ಹೆಬ್ಬೆರಳು ಕೋಲಿನ ತಲೆ ಸವರ್ತಾ ಇರ್ಬೇಕು. ಬೆರಳು ನಿಂತ್ರೆ ಮರೆತಿದ್ದಾನೆ ಅಂತ, ಆಗ ನಾನು ಪದ ಕೊಡ್ಬೇಕು. ಅದಾದ ಮೇಲೆ ನಮ್ಮಿಬ್ಬರ ಮಧ್ಯೆ ಒಂದು ಸಲನೂ ತಪ್ಪಾಗಲಿಲ್ಲ. ನೋಡ್ತಾ ನೋಡ್ತಾ ನನಗೆ ಇನ್ನೊಂದು ವಿಷಯ ಗೊತ್ತಾಯ್ತು, ಅದನ್ನ ಅವನಿಗೆ ಹೇಳಿರಲಿಲ್ಲ, ಹೇಳಿದ್ರೆ ಬಿಟ್ಬಿಡ್ತಾನೆ ಅಂತ. ನಿಜವಾಗಿ ಮರೆತಾಗ ಅವನ ಎಡಗಾಲಿನ ಹಿಮ್ಮಡಿ ನೆಲದಿಂದ ಒಂಚೂರು ಏಳ್ತಿತ್ತು. ಅಜ್ಜನ ಕಾಲು ಹಾಗೆ ಏಳಲ್ಲ, ಅದು ಆ ಹುಡುಗನ ಕಾಲು.

ಲೈಟ್ ಮತ್ತೆ ಸೌಂಡ್ ಸೇರಿಸಿದ ದಿನ ದೊಡ್ಡ ಗೊಂದಲ, ಅದನ್ನ ಪೂರ್ತಿ ಹೇಳ್ತಾ ಹೋದ್ರೆ ಮುಗಿಯಲ್ಲ. ಲೈಟ್ ನೋಡ್ಕೊಳ್ತಿದ್ದ ಹುಡುಗ ಮಾತ್ರ ಕಣ್ಣಲ್ಲಿ ಕಣ್ಣಿಟ್ಟು ಕೆಲಸ ಮಾಡ್ತಿದ್ದ, ಎರಡೂ ಕಡೆಯಿಂದ ಓರೆಯಾಗಿ ಬೆಳಕು ಬಿಟ್ರೇನೇ ಮುಖಕ್ಕೆ ಉಬ್ಬು ತಗ್ಗು ಬರೋದು, ನೇರ ಎದುರಿಂದ ಬಿಟ್ರೆ ಮುಖ ತಟ್ಟೆ ಥರ ಆಗುತ್ತೆ ಅಂತ ನಮ್ಮನ್ನೆಲ್ಲ ನಿಲ್ಲಿಸಿ ತೋರಿಸ್ತಿದ್ದ. ಕರೆಂಟ್ ದೀಪ ಬರೋ ಮುಂಚೆ ಸುಣ್ಣದ ತುಂಡನ್ನ ಆಕ್ಸಿಜನ್ ಹೈಡ್ರೋಜನ್ ಬೆಂಕಿಯಲ್ಲಿ ಕಾಯಿಸಿ ಅದರ ಬೆಳಕು ಬಿಡ್ತಿದ್ರು, ಲೈಮ್‌ಲೈಟ್ ಅನ್ನೋ ಮಾತು ಬಂದಿದ್ದೇ ಅದರಿಂದ, 1837ರಲ್ಲಿ ಲಂಡನ್ನಿನ ಕೋವೆಂಟ್ ಗಾರ್ಡನ್ ಥಿಯೇಟರ್‌ನಲ್ಲಿ ಬಳಸಿದ್ರು ಅಂತ ಹೇಳಿದ್ದೂ ಅವನೇ. ಬ್ಲಾಕ್‌ಔಟ್ ಆದಾಗ ಸಾಮಾನು ಬದಲಾಯಿಸೋರಿಗೆ ಅವನು ಹೇಳ್ಕೊಟ್ಟ ಉಪಾಯ ನನಗೆ ಈಗಲೂ ಉಪಯೋಗಕ್ಕೆ ಬರುತ್ತೆ. ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳೋಕೆ 20-30 ನಿಮಿಷ ಬೇಕು, ನಮಗೆ ಸಿಗೋದು ಹತ್ತೋ ಹದಿನೈದೋ ಸೆಕೆಂಡು. ಅದಕ್ಕೆ ಲೈಟ್ ಆರೋ ಮೊದಲೇ ಸ್ವಲ್ಪ ಹೊತ್ತು ಒಂದು ಕಣ್ಣು ಗಟ್ಟಿಯಾಗಿ ಮುಚ್ಕೊಂಡಿರ್ಬೇಕು, ಆರಿದ ಮೇಲೆ ಆ ಕಣ್ಣು ತೆಗೀಬೇಕು. ವಿಂಗ್‌ನಲ್ಲಿ ಸಾಲಾಗಿ ಒಂದೊಂದು ಕಣ್ಣು ಮುಚ್ಕೊಂಡು ಕುರ್ಚಿ ಹಿಡ್ಕೊಂಡು ನಿಂತಿರೋ ನಾಲ್ಕು ಜನ ನನ್ನ ಕಣ್ಣಿಗೆ ಕಟ್ಟಿದ ಹಾಗಿದ್ದಾರೆ.

ಗ್ರ್ಯಾಂಡ್ ರಿಹರ್ಸಲ್ ಕೆಟ್ಟದಾಗಿ ಹೋಯ್ತು. ಮೇಡಂ ಏನೂ ಬೈಯದೆ, ಮನೆಗೆ ಹೋಗಿ ಬೇಗ ಮಲ್ಕೊಳ್ಳಿ ಅಂದ್ರು.

ಶೋ ದಿನ ಹಾಲ್ ತುಂಬಿತ್ತು. ಖಾಲಿ ಹಾಲ್‌ನಲ್ಲಿ ಗಂಟೆ ಹೊಡೆದ ಹಾಗೆ ಕೇಳಿಸ್ತಿದ್ದ ದನಿಗಳು ಮೊದಲ ಸೀನ್‌ನಲ್ಲೇ ಸಣ್ಣಗಾದ್ವು, ಜನರ ಮೈ ಬಟ್ಟೆ ಎಲ್ಲಾ ಶಬ್ದ ಹೀರ್ಕೊಳ್ಳುತ್ತೆ ಅಂತ ಮೇಡಂ ಮೊದಲೇ ಹೇಳಿದ್ರು, ಆದ್ರೆ ಇಷ್ಟೊಂದಾ ಅಂತ ಎಲ್ಲರಿಗೂ ಭಯ ಆಯ್ತು. ಎಲ್ಲರೂ ದನಿಯಲ್ಲಿ ಒಂದು ಮೆಟ್ಟಿಲು ಮೇಲೆ ಹೋದ್ರು. ಸೌಂಡ್ ನೋಡ್ಕೊಳ್ತಿದ್ದವಳೂ ಗಡಿಯಾರದ ಟಿಕ್ ಟಿಕ್ ಜಾಸ್ತಿ ಮಾಡಿದ್ಲು. ಅಲ್ಲೀವರೆಗೂ ಸರಿಯಾಗೇ ಇತ್ತು. ನಾನು ಬುಕ್ ಮೇಲೆ ಸಣ್ಣ ಟಾರ್ಚ್ ಹಿಡ್ಕೊಂಡು ಬೆರಳಲ್ಲಿ ಸಾಲು ಸವರ್ತಾ ಹೋಗ್ತಿದ್ದೆ, ಒಂದನೇ ಮೌನ, ಎರಡನೇ ಮೌನ, ಹೆಬ್ಬೆರಳು ಆಡ್ತಿದೆ, ಸರಿ.

ಎರಡನೇ ಸೀನ್ ಆದ್ಮೇಲಿನ ಬ್ಲಾಕ್‌ಔಟ್‌ನಲ್ಲಿ ಅಜ್ಜನ ಕುರ್ಚಿ ಒಂದು ಮೊಳ ಹಿಂದೆ ಬಿತ್ತು. ಕತ್ತಲಲ್ಲಿ ಹೊಳೆಯೋ ಟೇಪ್ ಅಂಟಿಸಿದ್ವಿ, ಮೊದಲ ಸೀನ್‌ನ ಓಡಾಟದಲ್ಲಿ ಅದು ಕಿತ್ಕೊಂಡು ಯಾರದೋ ಕಾಲಿಗೆ ಅಂಟಿ ಹೋಗಿತ್ತು. ಲೈಟ್ ಬಂದಾಗ ನನಗೆ ಕಂಡಿದ್ದು ಇಷ್ಟು, ಅಜ್ಜ ಕೂತಿದ್ದಾನೆ, ಮೇಜಿನ ಮೇಲಿರೋ ದೊಡ್ಡ ಗಡಿಯಾರ ಅವನಿಗೂ ನನಗೂ ಮಧ್ಯೆ ಬಂದಿದೆ, ಕೋಲು ಹಿಡಿದ ಕೈ ಪೂರ್ತಿ ಮರೆಯಾಗಿದೆ. ಹೆಬ್ಬೆರಳು ಕಾಣಲ್ಲ.

ಆ ಸೀನ್‌ನಲ್ಲಿ ಅಜ್ಜ ಮೇಜಿನ ಅಂಚಿನ ಮೊಳೆಯಲ್ಲಿ ನೇತಾಡ್ತಿರೋ ಕೀ ತಗೊಂಡು ಗಡಿಯಾರಕ್ಕೆ ಕೊಡ್ತಾ ಹೇಳ್ಬೇಕು, "ಇದು ನಿಮ್ಮಜ್ಜಿ ಈ ಮನೆಗೆ ಬಂದ ದಿನ ತಂದಿದ್ದು. ಅವತ್ತಿಂದ ಒಂದಿನಾನೂ ನಿಂತಿಲ್ಲ. ನಿಲ್ಲಿಸಬಾರದು ಪುಟ್ಟಿ, ಕೀ ಕೊಡ್ತಾನೇ ಇರ್ಬೇಕು." ಇಲ್ಲಿ ಮೌನ ಇಲ್ಲ. ನನ್ನ ಬುಕ್‌ನಲ್ಲಿ ಗೆರೆ ಇಲ್ಲ. ಅವನು "ಒಂದಿನಾನೂ ನಿಂತಿಲ್ಲ" ಅಂದ, ಕೈ ಮುಂದೆ ಚಾಚಿದ, ದಿನಾ ಕೀ ಸಿಗೋ ಜಾಗದಲ್ಲಿ ಏನೂ ಸಿಗಲಿಲ್ಲ. ಕೈ ಗಾಳಿಯಲ್ಲೇ ನಿಂತು ಹಾಗೇ ತೊಡೆ ಮೇಲೆ ಬಂತು. ಆಮೇಲೆ ಮಾತಿಲ್ಲ.

ಟಿಕ್ ಟಿಕ್ ಮಾತ್ರ. ನಾನು ಮೇಜಿನ ಕೆಳಗೆ ನೋಡಿದೆ. ಎಡಗಾಲಿನ ಹಿಮ್ಮಡಿ ಎದ್ದಿತ್ತು.

"ನಿಲ್ಲಿಸಬಾರದು" ಅಂದೆ. ಅವನಿಗೆ ಕೇಳಿಸಲಿಲ್ಲ, ಟಿಕ್ ಟಿಕ್ ಬರ್ತಿದ್ದ ಸ್ಪೀಕರ್ ಇದ್ದಿದ್ದು ನನ್ನ ಕಡೆಯ ವಿಂಗ್‌ನಲ್ಲೇ. ಇನ್ನೊಂದು ಸಲ ಅಂದೆ. ಅವನ ಮುಖದಲ್ಲಿ ಏನೂ ಬದಲಾಗಲಿಲ್ಲ, ಆದ್ರೆ ಮೊಮ್ಮಗಳು ಕತ್ತು ಇಷ್ಟೇ ಇಷ್ಟು ನನ್ನ ಕಡೆ ತಿರುಗಿಸಿದ್ಲು, ಅವಳಿಗೆ ಕೇಳಿಸಿತ್ತು. ಅವಳೇ ಆ ಮಾತು ಹೇಳ್ಬಿಡಬಹುದಿತ್ತು, ನಾನಾಗಿದ್ರೆ ಹೇಳ್ಬಿಡ್ತಿದ್ದೆ. ಅವಳು ಹೇಳಲಿಲ್ಲ. ನೋಟ್‌ಬುಕ್ ಕೆಳಗಿಟ್ಲು, ಎದ್ದು ಮೇಜಿನ ಹತ್ರ ಹೋದ್ಲು, ಮೊಳೆಯಿಂದ ಕೀ ತೆಗೆದ್ಲು, ಅಜ್ಜನ ಮುಂದೆ ಮಂಡಿಯೂರಿ ಕೂತು ಅವನ ಬಲಗೈ ಬಿಡಿಸಿ ಅದರಲ್ಲಿ ಕೀ ಇಟ್ಟು ಬೆರಳು ಮುಚ್ಚಿಸಿದ್ಲು. ಆಮೇಲೆ ಆ ಕೈನ ಗಡಿಯಾರದ ಹತ್ರ ತಂದ್ಲು. ಕೀ ಒಳಗೆ ಕೂತ ಶಬ್ದ ನನಗೆ ಕೇಳಿಸ್ತು. ಅವನ ಮಣಿಕಟ್ಟು ಒಂದು ಸುತ್ತು ತಿರುಗಿತು, ಆ ಸುತ್ತಿನ ಜೊತೆಗೇ ಮಾತು ಬಂತು, "ನಿಲ್ಲಿಸಬಾರದು ಪುಟ್ಟಿ." ಹಿಮ್ಮಡಿ ಕೆಳಗಿಳೀತು. ಹಾಲ್‌ನಲ್ಲಿ ಯಾರೋ ಅಳೋದು ಕೇಳ್ತಿತ್ತು. ನಾನು ಟಾರ್ಚ್ ಆರಿಸಿ ಒಂದು ಸೆಕೆಂಡ್ ಕಣ್ಣು ಮುಚ್ಚಿ ನಿಂತೆ, ಆಮೇಲೆ ಗಾಬರಿಯಲ್ಲಿ ಮತ್ತೆ ಹಚ್ಚಿ ಸಾಲು ಹುಡುಕಿದೆ.

ನಾಟಕ ಮುಗಿದ ಮೇಲೆ ಗ್ರೀನ್ ರೂಂನಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ತಬ್ಕೊಂಡು ಕುಣೀತಿದ್ರೆ ಅವನು ಬಿಳಿ ಹುಬ್ಬು ಕೂಡ ತೆಗೀದೆ ಕುರ್ಚಿಯಲ್ಲಿ ಕೂತಿದ್ದ. ನಾನು ಹತ್ರ ಹೋದೆ. "ಪೂರ್ತಿ ಖಾಲಿ ಆಗಿತ್ತು ಕಣೇ, ನಿನ್ನ ದನಿನೂ ಕೇಳಿಸಲಿಲ್ಲ" ಅಂದ. ಕೀ ಕೈಗೆ ಬಂದಾಗ? "ಕೀ ಬಂತು, ತಿರುಗಿಸಿದೆ, ಬಾಯಿ ಅದರ ಪಾಡಿಗೆ ಹೇಳ್ತು." ಮೊಮ್ಮಗಳನ್ನೂ ಕೇಳಿದೆ, ನೀನ್ಯಾಕೆ ಆ ಡೈಲಾಗ್ ಹೇಳಲಿಲ್ಲ ಅಂತ. ಅದು ನನ್ನ ಮಾತಲ್ವಲ್ಲ, ಅಜ್ಜಂದಲ್ವಾ ಅಂದ್ಲು. ಆಡಿಷನ್‌ನಲ್ಲಿ ನಾನು ಎದುರಿನವನ ಮಾತು ಹೇಳ್ಕೊಟ್ಟಿದ್ದು ನೆನಪಾಯ್ತು. ಆ ಪಾರ್ಟು ಅವಳಿಗೇ ಸರಿ ಅಂತ ಆರು ವಾರದಲ್ಲಿ ಮೊದಲ ಸಲ ಪೂರ್ತಿ ಮನಸ್ಸಿಂದ ಅನ್ನಿಸ್ತು, ಅದನ್ನ ಅವಳಿಗೆ ಹೇಳ್ದೆ ಕೂಡ.

ಮಾರನೇ ದಿನ ಇನ್ನೊಂದು ಶೋ ಇತ್ತು. ಅದಕ್ಕೆ ಮೊದಲು ಮೇಡಂ ನಮ್ಮ ಮೂರೂ ಜನರನ್ನ ಕರೆದು, ಆ ಕೀ ಕೈಯಲ್ಲಿಡೋದು ನೀವೇ ಸೇರಿಸ್ಕೊಂಡಿದ್ದಾ ಅಂತ ಕೇಳಿದ್ರು. ನಡೆದಿದ್ದು ಹೇಳಿದ್ವಿ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಇವತ್ತೂ ಹಾಗೇ ಮಾಡಿ ಅಂದ್ರು, ನನ್ನ ಕಡೆ ತಿರುಗಿ, "ಅಲ್ಲೊಂದು ಗೆರೆ ಎಳ್ಕೋ" ಅಂದ್ರು. ಎಳೆದೆ, ಎಲ್ಲಕ್ಕಿಂತ ಉದ್ದದ ಗೆರೆ. ಹೊಳೆಯೋ ಟೇಪನ್ನ ಎರಡು ಪದರ ಅಂಟಿಸಿ ಅಂಚುಗಳನ್ನ ಉಗುರಲ್ಲಿ ಒತ್ತಿ ಕೂರಿಸಿದ್ವಿ.

ಎರಡನೇ ದಿನ ಕುರ್ಚಿ ಅದರ ಜಾಗದಲ್ಲೇ ಇತ್ತು. "ಒಂದಿನಾನೂ ನಿಂತಿಲ್ಲ" ಅಂದ, ಕೈ ಚಾಚಿದ, ಕೀ ಪಕ್ಕದಲ್ಲೇ ಇದ್ರೂ ಮುಟ್ಟದೆ ಕೈ ತೊಡೆ ಮೇಲೆ ತಂದ್ಕೊಂಡ. ಟಿಕ್ ಟಿಕ್. ನನ್ನ ಬಾಯಲ್ಲಿ ಆ ಪದ ರೆಡಿ ಇತ್ತು. ಮೊಮ್ಮಗಳು ನೋಟ್‌ಬುಕ್ ಕೆಳಗಿಡ್ತಿದ್ಲು. ಅಜ್ಜನ ಹಿಮ್ಮಡಿ ನೆಲದ ಮೇಲಿತ್ತು, ಹೆಬ್ಬೆರಳು ಕೋಲಿನ ತಲೆ ಸವರ್ತಾ ಇತ್ತು.